ಯಂತ್ರ ಕಟ್ಟಿದ ಡ್ರಾಯಿಂಗ್ ಮೇಷ್ಟ್ರು: ಲಕ್ಷ್ಮಣರಾವ್ ಕಿರ್ಲೋಸ್ಕರ್

ಕಿರ್ಲೋಸ್ಕರ್ ಎಂಬ ಹೆಸರು ನಮ್ಮ ಜಿಲ್ಲೆಯವರಿಗೆ ಹೊಸದಲ್ಲ. ಕೊಪ್ಪಳ ತಾಲೂಕಿನ ಬೇವಿನಹಳ್ಳಿಯಲ್ಲಿ ಬೀಡುಕಬ್ಬಿಣ ತಯಾರಿಸುವ ಆ ಹೆಸರಿನ ದೊಡ್ಡ ಕಾರ್ಖಾನೆಯೇ ಇದೆ. ಹೊಲದ ಪಂಪಿನ ಮೇಲೂ ಅದೇ ಹೆಸರನ್ನು ನಾವು ಓದಿರುತ್ತೇವೆ. ಆದರೆ ಅದು ಒಬ್ಬ ಮನುಷ್ಯನ ಹೆಸರು, ಆತ ನಮ್ಮ ಬೆಳಗಾವಿ ಕಡೆಯವನು ಎಂದು ನನಗೆ ಕಳೆದ ವರ್ಷದವರೆಗೆ ಗೊತ್ತಿರಲಿಲ್ಲ. ಗೊತ್ತಾಗಿದ್ದು ನನ್ನದೇ ಒಂದು ತಪ್ಪಿನಿಂದ. ಆ ತಪ್ಪಿನಿಂದಲೇ ಶುರು ಮಾಡುತ್ತೇನೆ.

ನನ್ನ ಊರು ವಿರೂಪಾಪುರಗಡ್ಡೆ. ತುಂಗಭದ್ರೆಯ ಎರಡು ಕವಲುಗಳ ನಡುವಿನ ನಡುಗಡ್ಡೆ. ಹೊಳೆಯ ಆಚೆ ಹಂಪಿ, ಈಚೆ ನಮ್ಮ ಭತ್ತದ ಗದ್ದೆಗಳು. ಅಬ್ಬಾ ಬಡಿಗತನ ಮಾಡುತ್ತಾರೆ. ಪ್ರವಾಸಿಗರ ರೆಸಾರ್ಟ್‌ಗಳು ಇದ್ದಾಗ ಮಂಚ, ಬಾಗಿಲು, ಕುರ್ಚಿ ಎಂದು ಅವರಿಗೆ ಕೈತುಂಬ ಕೆಲಸವಿತ್ತು. 2020ರಲ್ಲಿ ಅವು ತೆರವಾದ ಮೇಲೆ ಕೆಲಸ ಇಳಿದುಹೋಯಿತು. ಕೆತ್ತನೆ ಇರುವ ಬಾಗಿಲು ಬೇಕೆಂದು ಬರುವವರೂ ಬೆಲೆ ಕೇಳಿ ವಾಪಸ್ ಹೋಗುತ್ತಿದ್ದರು. ಆಗ ನನಗೆ ಸಿಎನ್‌ಸಿ ರೂಟರ್ ಕಟ್ಟುವ ಹುಚ್ಚು ಹಿಡಿಯಿತು. ಕಂಪ್ಯೂಟರಿನಲ್ಲಿ ಬರೆದ ಚಿತ್ರವನ್ನು ಮರದ ಮೇಲೆ ತಾನೇ ಕೆತ್ತುವ ಯಂತ್ರ ಅದು. ಅಬ್ಬಾನ ತಗಡಿನ ಶೆಡ್ಡಿನ ಮೂಲೆಯಲ್ಲಿ ಪ್ಲೈವುಡ್ಡಿನ ಚೌಕಟ್ಟು ಮಾಡಿ, ಡ್ರಾಯರಿನ ಚಾನೆಲ್‌ಗಳನ್ನು ಹಳಿಯಂತೆ ಕೂರಿಸಿ, ಮೂರು ದಿಕ್ಕಿಗೆ ಮೂರು ಸ್ಟೆಪ್ಪರ್ ಮೋಟರ್ ಜೋಡಿಸಿದೆ. ಅಬ್ಬಾಗೆ ಇದು ಮನಸ್ಸಿಗೆ ಬರಲಿಲ್ಲ. ಮರ ಕೆತ್ತುವುದಕ್ಕೆ ಉಳಿ ಬೇಕು, ಕೈ ಬೇಕು, ಮೋಟರ್ ಯಾಕೆ ಎಂಬುದು ಅವರ ಮಾತು. ಆದರೂ ಜಾಗ ಕೊಟ್ಟರು.

ವೈರ್ ಜೋಡಿಸಿ ಸ್ವಿಚ್ ಹಾಕಿದ ದಿನ ಒಂದು ಮೋಟರ್ ತಿರುಗಲೇ ಇಲ್ಲ. ನಿಂತಲ್ಲೇ ಗುರುಗುಟ್ಟಿ ನಡುಗಿತು. ನಾಲ್ಕು ದಿನ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿದೆ. ಐದನೇ ದಿನ ತಂಗಿ ಬಂದು ನೋಡಿ, ಕೆಂಪು ವೈರ್ ಇರಬೇಕಾದ ಕಡೆ ಹಸಿರು ಹಾಕಿದ್ದೀ ಎಂದಳು. ನನಗೆ ಎರಡೂ ಒಂದೇ ಥರ ಕಾಣುತ್ತಿದ್ದವು. ಎರಡನೇ ಪಿಯು ಜೀವಶಾಸ್ತ್ರದಲ್ಲಿ ಬಣ್ಣಗುರುಡಿನ ಪಾಠವಿದೆ. ಎಕ್ಸ್ ವರ್ಣತಂತುವಿನ ಮೂಲಕ ಬರುವುದು, ಗಂಡುಮಕ್ಕಳಲ್ಲಿ ಹೆಚ್ಚು ಎಂದು ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ಅದು ನನ್ನ ಕಣ್ಣಿನಲ್ಲೇ ಇದೆ ಎಂದು ಅಂದು ತಿಳಿಯಿತು. ರೈಲು ಓಡಿಸುವ ಕೆಲಸದಂಥ ಕೆಲವು ನೌಕರಿಗಳಿಗೆ ಇಂಥ ಕಣ್ಣು ನಡೆಯುವುದಿಲ್ಲ. ಎಂಜಿನಿಯರಿಂಗ್ ನನಗೆ ಆಗುವುದಿಲ್ಲ ಎಂದುಕೊಂಡು ಯಂತ್ರದ ಮೇಲೆ ಗೋಣಿಚೀಲ ಹೊದಿಸಿದೆ.

ಹಾಗಿದ್ದರೂ ಮೊದಲೇ ಹೇಳಿಟ್ಟಿದ್ದ ಒಂದು ಹಿತ್ತಾಳೆ ಬುಷ್ ತರಲು ಗಂಗಾವತಿಯ ಲೇಥ್ ಅಂಗಡಿಗೆ ಹೋಗಬೇಕಾಯಿತು. ಅಲ್ಲಿನ ಹಳೆಯ ಲೇಥಿನ ಮೈಮೇಲೆ ಉಬ್ಬಕ್ಷರದಲ್ಲಿ ಕಿರ್ಲೋಸ್ಕರ್ ಎಂದಿತ್ತು. ಮರುದಿನ ಕಾಲೇಜಿನಲ್ಲಿ ಭೌತಶಾಸ್ತ್ರದ ಸರ್ ಹತ್ತಿರ ನನ್ನ ಕಣ್ಣಿನ ಸಂಗತಿ ಹೇಳಿಕೊಂಡಾಗ, ಮಾತಿನ ನಡುವೆ ಆ ಲೇಥಿನ ವಿಷಯವೂ ಬಂತು. ಸರ್ ನಕ್ಕರು. ಆ ಹೆಸರಿನ ಮನುಷ್ಯನಿಗೂ ಬಣ್ಣ ಸರಿಯಾಗಿ ಕಾಣುತ್ತಿರಲಿಲ್ಲ, ಹೋಗಿ ಓದು ಎಂದರು. ಓದಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಲಕ್ಷ್ಮಣರಾವ್ ಕಾಶೀನಾಥ್ ಕಿರ್ಲೋಸ್ಕರ್ ಹುಟ್ಟಿದ್ದು 1869ರ ಜೂನ್ 20ರಂದು, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಶಾಲೆಯ ಪಾಠದಲ್ಲಿ ಹುಡುಗನಿಗೆ ಮನಸ್ಸಿರಲಿಲ್ಲ. ಚಿತ್ರ ಬರೆಯುವುದು, ಯಂತ್ರ ಬಿಚ್ಚಿ ನೋಡುವುದು ಇವೆರಡೇ ಇಷ್ಟ. ಚಿತ್ರಕಲೆ ಕಲಿಯುವುದು ತಂದೆಗೆ ಒಪ್ಪಿಗೆಯಾಗಲಿಲ್ಲ. ಅಣ್ಣ ರಾಮಣ್ಣ ಖರ್ಚು ವಹಿಸಿಕೊಂಡು 1885ರಲ್ಲಿ ತಮ್ಮನನ್ನು ಮುಂಬೈಯ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ಗೆ ಕಳಿಸಿದರು. ಎರಡು ವರ್ಷ ಕಳೆಯುವಷ್ಟರಲ್ಲಿ ಲಕ್ಷ್ಮಣರಾಯರಿಗೆ ಕೆಲವು ಬಣ್ಣಗಳ ವ್ಯತ್ಯಾಸ ತಿಳಿಯುವುದಿಲ್ಲ ಎಂಬುದು ಗೊತ್ತಾಯಿತು. ಬಣ್ಣ ಕಾಣದವನು ಚಿತ್ರಕಾರನಾಗುವುದು ಹೇಗೆ? ಮನೆಯವರನ್ನು ಎದುರುಹಾಕಿಕೊಂಡು ಬಂದ ಹುಡುಗ ಯಾವ ಮುಖ ಹೊತ್ತು ಊರಿಗೆ ಹೋಗಬೇಕು?

ಅವರು ಊರಿಗೆ ಹೋಗಲಿಲ್ಲ. ಬಣ್ಣದ ಚಿತ್ರ ಬಿಟ್ಟು ಯಂತ್ರಗಳ ನಕ್ಷೆ ಬರೆಯುವುದನ್ನು ಹಿಡಿದರು. ಅದರಲ್ಲಿ ಬಣ್ಣವಿಲ್ಲ, ಗೆರೆ ಮತ್ತು ಅಳತೆ ಮಾತ್ರ. ಆ ವಿದ್ಯೆಯಿಂದಲೇ ಮುಂಬೈಯ ವಿಕ್ಟೋರಿಯಾ ಜುಬಿಲಿ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಡ್ರಾಯಿಂಗ್ ಕಲಿಸುವ ಮೇಷ್ಟ್ರ ಕೆಲಸ ಸಿಕ್ಕಿತು. ಪಾಠ ಮುಗಿದ ಮೇಲೆ ಅವರು ಸಂಸ್ಥೆಯ ವರ್ಕ್‌ಶಾಪಿಗೆ ಹೋಗಿ, ಕಾಗದದ ಮೇಲೆ ತಾವು ಬರೆಯುತ್ತಿದ್ದ ಯಂತ್ರಗಳನ್ನು ಕೈಯಿಂದ ನಡೆಸಿ, ರಿಪೇರಿ ಮಾಡಿ ಕಲಿತರು. ಯಂತ್ರದ ವಿದ್ಯೆಗೆ ಅವರು ಯಾವ ಪದವಿಯನ್ನೂ ಪಡೆದವರಲ್ಲ.

ಆ ದಿನಗಳಲ್ಲಿ ಸೈಕಲ್ ಎಂದರೆ ಜನ ನಿಂತು ನೋಡುತ್ತಿದ್ದ ವಸ್ತು. 1888ರಲ್ಲಿ ಅಣ್ಣ ತಮ್ಮ ಸೇರಿ ಬೆಳಗಾವಿಯಲ್ಲಿ ಕಿರ್ಲೋಸ್ಕರ್ ಬ್ರದರ್ಸ್ ಎಂಬ ಸೈಕಲ್ ಅಂಗಡಿ ತೆರೆದರು. ತಮ್ಮ ಮುಂಬೈಯಲ್ಲಿ ಕೊಂಡು ಕಳಿಸುವುದು, ಅಣ್ಣ ಬೆಳಗಾವಿಯಲ್ಲಿ ಮಾರಿ ಸವಾರಿ ಕಲಿಸುವುದು. ಮುಂದೆ ಇನ್‌ಸ್ಟಿಟ್ಯೂಟಿನಲ್ಲಿ ತಮಗೆ ಬರಬೇಕಾಗಿದ್ದ ಬಡ್ತಿ ಒಬ್ಬ ಆಂಗ್ಲೋ-ಇಂಡಿಯನ್ ಸಹೋದ್ಯೋಗಿಗೆ ಹೋದಾಗ ಲಕ್ಷ್ಮಣರಾವ್ ನೌಕರಿ ಬಿಟ್ಟು ಬೆಳಗಾವಿಗೆ ಬಂದರು. ಬೆಳಗಾವಿಯಲ್ಲಿ ಇಂದಿಗೂ ಕಿರ್ಲೋಸ್ಕರ್ ರಸ್ತೆ ಇದೆ.

ಅಂಗಡಿ ನಡೆಯುತ್ತಿತ್ತು. ಆದರೆ ಬೇರೆಯವರು ಮಾಡಿದ್ದನ್ನು ಮಾರುವುದರಲ್ಲಿ ಅವರಿಗೆ ತೃಪ್ತಿ ಇರಲಿಲ್ಲ. ಒಂದು ಸಣ್ಣ ವರ್ಕ್‌ಶಾಪ್ ಹಾಕಿದರು. ಸುತ್ತ ಇದ್ದವರು ರೈತರು, ಆದ್ದರಿಂದ ಮೊದಲು ಮಾಡಿದ್ದು ಮೇವು ಕತ್ತರಿಸುವ ಯಂತ್ರ. ಆಮೇಲೆ 1903ರ ಸುಮಾರಿಗೆ ಕಬ್ಬಿಣದ ನೇಗಿಲು. ಮರದ ನೇಗಿಲು ಮೇಲ್ಮಣ್ಣನ್ನು ಗೀರುತ್ತದೆ. ಕಬ್ಬಿಣದ ನೇಗಿಲು ಆಳಕ್ಕಿಳಿದು ಮಣ್ಣನ್ನು ಮಗುಚಿ ಹಾಕುತ್ತದೆ, ಕಳೆಯ ಬೇರು ಮೇಲೆ ಬರುತ್ತದೆ. ಇಷ್ಟು ಉಪಯೋಗವಿದ್ದರೂ ಯಾರೂ ಕೊಳ್ಳಲಿಲ್ಲ. ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂದು ರೈತರು ಹೆದರಿದರು. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು.

ಈ ಎರಡು ವರ್ಷದ ಮಾತನ್ನು ಓದಿದಾಗ ನಾನು ಪುಸ್ತಕ ಮುಚ್ಚಿ ಕುಳಿತೆ. ನಾನು ಐದೇ ದಿನಕ್ಕೆ ಗೋಣಿಚೀಲ ಹೊದಿಸಿದ್ದೆ. ಇನ್ನೊಂದು ಸಂಗತಿಯೂ ಹೊಳೆಯಿತು. ಆ ರೈತರು ದಡ್ಡರಲ್ಲ. ಒಂದು ಹಂಗಾಮು ಕೆಟ್ಟರೆ ಅವರ ಮನೆಯಲ್ಲಿ ಒಲೆ ಉರಿಯುವುದಿಲ್ಲ. ಕಂಡರಿಯದ ವಸ್ತುವನ್ನು ಅವರು ಹೊಲಕ್ಕೆ ಹೇಗೆ ಇಳಿಸಿಯಾರು? ನನ್ನ ಅಬ್ಬಾನ ಮಾತೂ ಅದೇ ಬಗೆಯದು. ನಾನು ಅದನ್ನು ಹಠ ಎಂದುಕೊಂಡಿದ್ದೆ.

ನೇಗಿಲು ನಿಧಾನವಾಗಿ ಹೊಲಗಳಿಗೆ ಹೋಗತೊಡಗಿತು. ಅಷ್ಟರಲ್ಲಿ ಊರು ಬೆಳೆಸಲು ಆ ಜಾಗ ಬೇಕೆಂದು ಬೆಳಗಾವಿಯ ವರ್ಕ್‌ಶಾಪನ್ನು ಖಾಲಿ ಮಾಡಬೇಕಾಗಿ ಬಂತು. ಕಟ್ಟಿದ್ದೆಲ್ಲ ಕಿತ್ತು ಎಲ್ಲಿಗೆ ಹೋಗುವುದು? ಔಂಧ್ ಸಂಸ್ಥಾನದ ದೊರೆ ಅವರ ಸ್ನೇಹಿತರು. ಈಗಿನ ಸಾಂಗ್ಲಿ ಜಿಲ್ಲೆಯ ಕುಂಡಲ್ ರೋಡ್ ಸ್ಟೇಷನ್ನಿನ ಹತ್ತಿರ 32 ಎಕರೆ ಜಾಗ ಕೊಟ್ಟರು. ಅದು ಪಾಪಸುಕಳ್ಳಿ ಬೆಳೆದ, ಹಾವುಗಳಿದ್ದ ಬರಡು ನೆಲ. 1910ರ ಮಾರ್ಚ್‌ನಲ್ಲಿ ಕೆಲವೇ ಕೆಲಸಗಾರರು ಮತ್ತು ಅವರ ಕುಟುಂಬಗಳೊಂದಿಗೆ ಅಲ್ಲಿಗೆ ಹೋಗಿ ಕಾರ್ಖಾನೆಯನ್ನೂ ಊರನ್ನೂ ಒಟ್ಟಿಗೆ ಕಟ್ಟಿದರು. ಅದೇ ಕಿರ್ಲೋಸ್ಕರವಾಡಿ.

ಆ ಊರಿನಲ್ಲಿ ಅವರು ಅಸ್ಪೃಶ್ಯತೆಗೆ ಜಾಗ ಕೊಡಲಿಲ್ಲ. ಶಾಲೆಯನ್ನು ಅರ್ಧಕ್ಕೆ ಬಿಟ್ಟವರೊಬ್ಬರು ಅಲ್ಲಿ ಹೊಸ ಯಂತ್ರಗಳನ್ನು ರೂಪಿಸುವ ಎಂಜಿನಿಯರ್ ಆದರು. ಜೈಲಿನಿಂದ ಬಿಡುಗಡೆಯಾಗಿ ಬಂದವರನ್ನು ರಾತ್ರಿ ಕಾವಲಿಗೆ ನೇಮಿಸಿದರು. ಅವರು ನಂಬಿಕಸ್ಥ ಕಾವಲುಗಾರರಾದರು. ಒಬ್ಬ ಮನುಷ್ಯನಲ್ಲಿ ಏನಿಲ್ಲ ಎಂದು ಎಣಿಸುವ ಬದಲು ಏನಿದೆ ಎಂದು ನೋಡುವುದು ಲಕ್ಷ್ಮಣರಾಯರ ಗುಣ. ತಮ್ಮ ಕಣ್ಣಿನ ಕೊರತೆಯಿಂದಲೇ ಅವರು ಅದನ್ನು ಕಲಿತಿರಬೇಕು ಎಂದು ನನ್ನ ಊಹೆ.

ಮಗ ಶಂತನುರಾವ್ ಅಮೆರಿಕದ ಎಂಐಟಿಯಲ್ಲಿ ಎಂಜಿನಿಯರಿಂಗ್ ಓದಿ ಬಂದು ತಂದೆಯ ಜೊತೆ ಸೇರಿದರು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಅಲ್ಲಿ ತಯಾರಾದದ್ದು ಲೇಥ್‌ಗಳು, ಅಂದರೆ ಬೇರೆ ಯಂತ್ರಗಳ ಭಾಗಗಳನ್ನು ಮಾಡಿಕೊಡುವ ಯಂತ್ರಗಳು. ಗಂಗಾವತಿಯ ಆ ಅಂಗಡಿಯಲ್ಲಿ ನನ್ನ ಬುಷ್ ಮಾಡಿಕೊಟ್ಟಿದ್ದು ಅಂಥದೇ ಒಂದು. ಲಕ್ಷ್ಮಣರಾವ್ 1956ರ ಸೆಪ್ಟೆಂಬರ್ 26ರಂದು ತೀರಿಕೊಂಡರು. 1969ರಲ್ಲಿ, ಅವರು ಹುಟ್ಟಿ ನೂರು ವರ್ಷವಾದಾಗ, ಭಾರತ ಸರ್ಕಾರ ಅವರ ಅಂಚೆಚೀಟಿ ಹೊರಡಿಸಿತು.

ಗೋಣಿಚೀಲ ತೆಗೆದೆ. ಬಣ್ಣ ನೋಡದೆ ವೈರ್ ಗುರುತಿಸುವ ದಾರಿ ಇದೆಯೇ ಎಂದು ಸರ್ ಅವರನ್ನು ಕೇಳಿದೆ. ಇತ್ತು, ಬಹಳ ಸುಲಭದ್ದು. ನನ್ನ ಸ್ಟೆಪ್ಪರ್ ಮೋಟರಿಗೆ ನಾಲ್ಕು ವೈರ್, ಒಳಗೆ ಎರಡು ಸುರುಳಿ. ಕರೆಂಟ್ ಪೂರ್ತಿ ತೆಗೆದು, ಮೋಟರನ್ನು ಬೋರ್ಡಿನಿಂದ ಬಿಡಿಸಿ, ಯಾವುದಾದರೂ ಎರಡು ವೈರ್‌ಗಳ ತುದಿ ಕೂಡಿಸಿ ಬೆರಳಿನಿಂದ ಮೋಟರಿನ ಕಡ್ಡಿ ತಿರುಗಿಸಬೇಕು. ಸಲೀಸಾಗಿ ತಿರುಗಿದರೆ ಅವು ಬೇರೆ ಬೇರೆ ಸುರುಳಿಯವು. ತಡೆದು ತಡೆದು ಬಿಗಿಯಾಗಿ ತಿರುಗಿದರೆ ಎರಡೂ ಒಂದೇ ಸುರುಳಿಯವು. ಕಣ್ಣು ಹೇಳದ್ದನ್ನು ಬೆರಳು ಹೇಳಿತು. ಈಗ ಒಂದು ಜೋಡಿಗೆ ಒಂದು ಗಂಟು, ಇನ್ನೊಂದಕ್ಕೆ ಎರಡು ಗಂಟು ದಾರ ಕಟ್ಟಿದ್ದೇನೆ.

ಯಂತ್ರ ಈಗ ಓಡುತ್ತದೆ. ಮೋಟರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಡ್ರೈವರ್ ಪ್ರತಿ ಹೆಜ್ಜೆಯನ್ನು 16 ಭಾಗ ಮಾಡಿದರೆ 3200 ಆಗುತ್ತದೆ. ನನ್ನ ಲೀಡ್ ಸ್ಕ್ರೂ ಒಂದು ಸುತ್ತಿಗೆ 8 ಮಿಲಿಮೀಟರ್ ಸರಿಯುತ್ತದೆ. ಹಾಗಾಗಿ ಒಂದು ಮಿಲಿಮೀಟರಿಗೆ 400 ಸಣ್ಣ ಹೆಜ್ಜೆ. ಆದರೆ ಲೆಕ್ಕ ಇಷ್ಟು ಸರಿ ಇದ್ದರೂ ಡ್ರಾಯರ್ ಚಾನೆಲ್ ಅಲುಗಾಡುವುದರಿಂದ ಗೆರೆಯ ಅಂಚು ಒರಟಾಗಿ ಬರುತ್ತದೆ.

ಮೊದಲು ಕೆತ್ತಿದ ಬಳ್ಳಿಯ ನಮೂನೆಯನ್ನು ಅಬ್ಬಾಗೆ ತೋರಿಸಿದೆ. ಅವರು ಹೊರಗೆ ಬೆಳಕಿಗೆ ಹಿಡಿದು ನೋಡಿದರು, ಹೆಬ್ಬೆರಳಿನಿಂದ ಅಂಚು ಸವರಿದರು. ಚೆನ್ನಾಗಿದೆ ಎನ್ನಲಿಲ್ಲ. ತಮ್ಮ ಉಳಿ ತೆಗೆದುಕೊಂಡು ಕುಳಿತು, ಒರಟಾಗಿದ್ದ ಕಡೆಯನ್ನೆಲ್ಲ ನಯ ಮಾಡಿದರು. ಆಮೇಲೆ ನಾಳೆ ಇನ್ನೊಂದು ಹಲಗೆ ಹಾಕು ಎಂದರು.

ಇದುವರೆಗೆ ಒಂದೂ ಬಾಗಿಲು ಮಾರಾಟವಾಗಿಲ್ಲ. ಯಂತ್ರ ಶುರುವಾಗಿ ಇನ್ನೂ ಏಳು ತಿಂಗಳು. ಗೆಳೆಯರೇ, ನಿಮ್ಮಲ್ಲಿ ಯಾರಿಗಾದರೂ ಕೆಂಪು ಹಸಿರು ಒಂದೇ ಥರ ಕಂಡರೆ ಮುಚ್ಚಿಡಬೇಡಿ, ಪ್ರಾಕ್ಟಿಕಲ್ ಶುರುವಾಗುವ ಮೊದಲೇ ಸರ್‌ಗೆ ಅಥವಾ ಮೇಡಂಗೆ ಹೇಳಿ. ಗಂಟು ಕಟ್ಟಲು ದಾರ ಬೇಕಾದರೆ ನನ್ನ ಹತ್ತಿರ ಇದೆ.