30 ವ್ಯಾಟ್‌ನ ಮೇಷ್ಟ್ರು

ಬಿ.ಎ.ಯಲ್ಲಿ ನಾನು ಮನಃಶಾಸ್ತ್ರ ಓದುವಾಗ ಡಾ. ಎಂ.ವಿ. ಗೋಪಾಲಸ್ವಾಮಿ ಎಂಬ ಹೆಸರು ಒಂದೇ ಸಾಲಿನಲ್ಲಿ ಬಂದು ಹೋಗಿತ್ತು. 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದಲ್ಲಿ ಮನಃಶಾಸ್ತ್ರ ವಿಭಾಗ ಕಟ್ಟಿದವರು. ಪರೀಕ್ಷೆಗೆ ಅಷ್ಟು ಸಾಕಿತ್ತು. ಮನೆಯಲ್ಲೇ ರೇಡಿಯೊ ನಿಲಯ ತೆರೆದ ಗೋಪಾಲಸ್ವಾಮಿ ಎಂಬುವರೂ ಇದ್ದರೆಂದು ಎಲ್ಲೋ ಕೇಳಿದ್ದೆ. ಇಬ್ಬರೂ ಒಬ್ಬರೇ ಎಂದು ತಿಳಿದದ್ದು ಮಾತ್ರ ಡಿಗ್ರಿ ಮುಗಿಸಿ ಅತ್ತಿಬೆಲೆಗೆ ಕೆಲಸಕ್ಕೆ ಬಂದ ಮೇಲೆ, ಗೆಳೆಯನಿಗೊಂದು ಆಂಪ್ಲಿಫೈಯರ್ ಹುಡುಕುವಾಗ.

ಗೋಪಾಲಸ್ವಾಮಿ ಎಂಜಿನಿಯರ್ ಅಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಹೆಸರಾಂತ ಮನಃಶಾಸ್ತ್ರಜ್ಞ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಬಳಿ ಸಂಶೋಧನೆ ಮಾಡಿ ಡಾಕ್ಟರೇಟ್ ಪಡೆದು ಬಂದವರು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪ್ರಾಧ್ಯಾಪಕರು. ಪಾಠ ಮಾಡುತ್ತಾ, ಪ್ರಯೋಗಾಲಯ ನೋಡಿಕೊಳ್ಳುತ್ತಾ ನೆಮ್ಮದಿಯಾಗಿ ಇರಬಹುದಿತ್ತು. ಆದರೆ ಅವರಿಗೆ ರೇಡಿಯೊ ಹುಚ್ಚು ಹಿಡಿದಿತ್ತು.

1935ರ ಸೆಪ್ಟೆಂಬರ್ 10ರಂದು ಮೈಸೂರಿನ ತಮ್ಮ ಮನೆ 'ವಿಠ್ಠಲ ವಿಹಾರ'ದಿಂದ ಅವರು ಪ್ರಸಾರ ಶುರು ಮಾಡಿಯೇಬಿಟ್ಟರು. ಮೊದಲ ದಿನ ಕವಿತೆ ಓದಿದವರು ಕುವೆಂಪು. ಆ ಕಾಲವನ್ನು ಸ್ವಲ್ಪ ನೆನೆಯಿರಿ. ಮುಂಬೈ, ಕಲ್ಕತ್ತಗಳಲ್ಲಿ 1927ರಲ್ಲೇ ರೇಡಿಯೊ ಬಂದಿತ್ತು ನಿಜ. ಆದರೆ ದೆಹಲಿಯ ನಿಲಯ ಶುರುವಾದದ್ದು 1936ರ ಜನವರಿಯಲ್ಲಿ. ಆಲ್ ಇಂಡಿಯಾ ರೇಡಿಯೊ ಎಂಬ ಹೆಸರು ಹುಟ್ಟಿದ್ದು ಅದೇ ವರ್ಷದ ಜೂನ್‌ನಲ್ಲಿ. ಅದಕ್ಕೂ ಮೊದಲೇ ಮೈಸೂರಿನ ಒಬ್ಬ ಕಾಲೇಜು ಮೇಷ್ಟ್ರ ಮನೆಯಿಂದ ಕನ್ನಡ ಗಾಳಿಯಲ್ಲಿ ಹರಿದಿತ್ತು!

ಅವರ ಬಳಿ ಇದ್ದ ಟ್ರಾನ್ಸ್‌ಮಿಟರ್‌ನ ಶಕ್ತಿ ಕೇವಲ 30 ವ್ಯಾಟ್. ಈಗ ನಮ್ಮ ರೂಮಿನಲ್ಲಿ ಉರಿಯುವ ಮೂರು ಎಲ್‌ಇಡಿ ಬಲ್ಬುಗಳಷ್ಟು. ಅದೂ ವಾಲ್ವ್‌ಗಳ ಕಾಲ. ವಾಲ್ವ್ ಎಂದರೆ ಗಾಳಿ ತೆಗೆದ ಗಾಜಿನ ಬುರುಡೆ. ಒಳಗಿನ ತಂತಿ ಕಾದು ಕೆಂಪಾದರೆ ಎಲೆಕ್ಟ್ರಾನ್‌ಗಳು ಹೊರಡುತ್ತವೆ. ನಡುವಿನ ಜಾಲರಿ ಅವುಗಳ ಹರಿವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಮೈಕ್‌ನ ಸಣ್ಣ ಸದ್ದು ದೊಡ್ಡದಾಗುವುದು ಹೀಗೆ. ಕಳಿಸುವ ಯಂತ್ರದಲ್ಲೂ ವಾಲ್ವ್, ಕೇಳುವವರ ರೇಡಿಯೊದಲ್ಲೂ ವಾಲ್ವ್. ಸ್ವಿಚ್ ಹಾಕಿದ ಮೇಲೆ ಸೆಟ್ ಬಿಸಿಯಾಗಿ ದನಿ ಬರುವವರೆಗೆ ಕಾಯಬೇಕಿತ್ತು. ಅಜ್ಜ ಅಜ್ಜಿಯರನ್ನು ಕೇಳಿ, ಹೇಳುತ್ತಾರೆ.

ದೊಡ್ಡ ಯಂತ್ರ ಬರಲಿ, ಆಮೇಲೆ ಶುರು ಮಾಡೋಣ ಎಂದು ಗೋಪಾಲಸ್ವಾಮಿ ಕೂರಲಿಲ್ಲ. ಇದ್ದ 30 ವ್ಯಾಟ್‌ನಲ್ಲೇ ಕವಿಗಳನ್ನು, ಸಂಗೀತಗಾರರನ್ನು ಕರೆಸಿದರು. ಕೈಯಿಂದ ಖರ್ಚು ಮಾಡಿದರು. ಜನರಿಗೆ ರುಚಿ ಹತ್ತಿದ ಮೇಲೆ 250 ವ್ಯಾಟ್‌ನ ಟ್ರಾನ್ಸ್‌ಮಿಟರ್ ಬಂತು. ಇಲ್ಲೊಂದು ಲೆಕ್ಕವಿದೆ. ಶಕ್ತಿ ಎಂಟು ಪಟ್ಟು ಹೆಚ್ಚಾದರೂ ಅಲೆಯ ಬಲ ಹೆಚ್ಚುವುದು ಸುಮಾರು ಮೂರು ಪಟ್ಟು ಮಾತ್ರ. ವ್ಯಾಟ್ ಹೆಚ್ಚಿಸಿದಷ್ಟೇ ಫಲ ಸಿಗುವುದಿಲ್ಲ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಲೆಕ್ಕವೇ. ಅತ್ತಿಬೆಲೆ ಕೈಗಾರಿಕಾ ಪ್ರದೇಶದಲ್ಲಿ ಕಾಂಟ್ರಾಕ್ಟ್ ಕೆಲಸ ಮಾಡುತ್ತಾ ನಾವು ನಾಲ್ವರು ಒಂದೇ ರೂಮಿನಲ್ಲಿದ್ದೆವು. ಅವರಲ್ಲೊಬ್ಬನ ಕಾಂಟ್ರಾಕ್ಟ್ ಮುಗಿದು ಕೈ ಖಾಲಿಯಾಗಿತ್ತು. ಅವನು ಗಿಟಾರ್ ಚೆನ್ನಾಗಿ ನುಡಿಸುತ್ತಾನೆ. ನಮ್ಮದು ಗಡಿ ಊರು, ನವೆಂಬರ್ ಬಂದರೆ ರಾಜ್ಯೋತ್ಸವಕ್ಕೆ ಬರವಿಲ್ಲ. ಒಂದು ಸಣ್ಣ ಆರ್ಕೆಸ್ಟ್ರಾ ಕಟ್ಟಿದರೆ ಇನ್ನೊಂದು ಕೆಲಸ ಸಿಗುವ ತನಕ ಅವನ ಪಾಲಿನ ಬಾಡಿಗೆ ಹುಟ್ಟುತ್ತದೆ ಎಂದು ಎಲ್ಲರೂ ಸೇರಿ 15 ಸಾವಿರ ಕೂಡಿಸಿದೆವು.

ಅವನ ಮನಸ್ಸಿದ್ದದ್ದು ಸೆಕೆಂಡ್ ಹ್ಯಾಂಡ್ ವಾಲ್ವ್ ಆಂಪ್ಲಿಫೈಯರ್ ಮೇಲೆ. ಪೂರ್ತಿ ದುಡ್ಡು ಅದೊಂದಕ್ಕೇ ಹೋಗುತ್ತಿತ್ತು. ಅವನ ವಾದದಲ್ಲಿ ಹುರುಳಿತ್ತು. ವಾಲ್ವ್ ಅನ್ನು ಮಿತಿ ಮೀರಿ ದುಡಿಸಿದರೂ ದನಿ ಒಮ್ಮೆಲೇ ಕತ್ತರಿಸಿದಂತೆ ಒರಟಾಗುವುದಿಲ್ಲ, ಮೆಲ್ಲಗೆ ಬಿರಿಯುತ್ತದೆ. ಗಿಟಾರ್ ನುಡಿಸುವವರಿಗೆ ಅದೇ ಇಷ್ಟ. ಆದರೆ ವಾಲ್ವ್‌ಗಳು ಸವೆಯುತ್ತವೆ, ಆಗಾಗ ಬದಲಿಸಬೇಕು. ಒಳಗೆ ಮುನ್ನೂರು ವೋಲ್ಟ್ ಸುಮಾರಿನ ವಿದ್ಯುತ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ಗಳಲ್ಲಿ ಉಳಿದು ಹೊಡೆಯಬಹುದು, ನಾವೇ ಬಿಚ್ಚಿ ರಿಪೇರಿ ಮಾಡುವಂತಿಲ್ಲ. ಟ್ರಾನ್ಸ್‌ಫಾರ್ಮರ್‌ಗಳಿಂದಾಗಿ ಭಾರ ಬೇರೆ. ಬೈಕಿನಲ್ಲಿ ಊರೂರು ತಿರುಗುವುದು ಹೇಗೆ? ಟ್ರಾನ್ಸಿಸ್ಟರ್‌ನದು ಹಗುರ, ಕಾಯಬೇಕಿಲ್ಲ, ಅರ್ಧ ದುಡ್ಡಿಗೆ ಹೊಸದೇ ಸಿಗುತ್ತಿತ್ತು.

30 ವ್ಯಾಟ್ ಸಾಕಾಗುತ್ತದೆಯೇ ಎಂಬುದು ಕೊನೆಯ ಅನುಮಾನ. ಅದನ್ನು ಹುಡುಕುವಾಗಲೇ ಮೈಸೂರಿನ 30 ವ್ಯಾಟ್‌ನ ಕಥೆ ಕಣ್ಣಿಗೆ ಬಿದ್ದದ್ದು. ಟ್ರಾನ್ಸ್‌ಮಿಟರ್‌ನ ವ್ಯಾಟೇ ಬೇರೆ, ಸ್ಪೀಕರ್‌ನ ವ್ಯಾಟೇ ಬೇರೆ. ಆದರೆ ಕಿವಿಯೂ ಅದೇ ಥರ ಜಿಪುಣ. ಸದ್ದು ಎರಡರಷ್ಟು ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ವ್ಯಾಟ್ ಬೇಕು. 30ರ ಬದಲು 60 ತಂದರೆ ಸಿಗುವ ವ್ಯತ್ಯಾಸ ಅಲ್ಪ. ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ತಂದು, ಉಳಿದ ಹಣದಲ್ಲಿ ಹಾಡುವವರಿಗೆ ಮೈಕ್, ಸ್ಟ್ಯಾಂಡ್, ಒಂದು ಹಳೆಯ ಸ್ಪೀಕರ್ ಕೊಂಡೆವು. ಆ ನವೆಂಬರ್‌ನಲ್ಲಿ ಮೂರು ಕಾರ್ಯಕ್ರಮ ಸಿಕ್ಕವು. ಅವನಿಗೆ ವಾಲ್ವ್ ಆಸೆ ಇನ್ನೂ ಹೋಗಿಲ್ಲ, ಹೋಗಬೇಕಾಗಿಯೂ ಇಲ್ಲ.

ಗೋಪಾಲಸ್ವಾಮಿ ಅವರಿಗೆ ಈ ಆಯ್ಕೆಯೇ ಇರಲಿಲ್ಲ. ಟ್ರಾನ್ಸಿಸ್ಟರ್ ಹುಟ್ಟಿದ್ದು 1947ರ ಡಿಸೆಂಬರ್‌ನಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ನಮ್ಮ ಬೆಂಗಳೂರಿನ ಬಿಇಎಲ್ ವಾಲ್ವ್ ತಯಾರಿಸತೊಡಗಿದ್ದು 1961ರಲ್ಲಿ. ಮರುವರ್ಷವೇ ಅಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರ್‌ಗಳೂ ಬಂದವು. ಅದನ್ನೆಲ್ಲ ನೋಡಲು ಅವರಿರಲಿಲ್ಲ, 1957ರಲ್ಲೇ ತೀರಿಕೊಂಡಿದ್ದರು.

ಮನೆಯ ನಿಲಯವನ್ನು ಒಬ್ಬರೇ ಎಷ್ಟು ವರ್ಷ ನಡೆಸಲು ಸಾಧ್ಯ? ಮೈಸೂರು ನಗರಸಭೆ ನೆರವಿಗೆ ಬಂತು. 1942ರಲ್ಲಿ ಸಂಸ್ಥಾನದ ಸರ್ಕಾರವೇ ಅದನ್ನು ವಹಿಸಿಕೊಂಡಿತು. 1955ರಲ್ಲಿ ನಿಲಯ ಬೆಂಗಳೂರಿಗೆ ಬಂತು. ಆಕಾಶವಾಣಿ ಎಂಬ ಮೈಸೂರಿನ ಹೆಸರನ್ನು ಆಮೇಲೆ ಇಡೀ ದೇಶದ ರೇಡಿಯೊ ಇಟ್ಟುಕೊಂಡಿತು.

ಓದಿದ್ದಕ್ಕೂ ಮಾಡುತ್ತಿರುವ ಕೆಲಸಕ್ಕೂ ಸಂಬಂಧವಿಲ್ಲ ಎಂದು ಕೊರಗುವ ಗೆಳೆಯರು ನನ್ನ ಸುತ್ತ ಬಹಳ ಮಂದಿ ಇದ್ದಾರೆ. ಅವರಿಗೆಲ್ಲ ನಾನೀಗ ಈ ಮನಃಶಾಸ್ತ್ರದ ಮೇಷ್ಟ್ರ ಕಥೆ ಹೇಳುತ್ತೇನೆ. ಮುಂದಿನ ಸಲ ರೇಡಿಯೊದಲ್ಲಿ 'ಆಕಾಶವಾಣಿ' ಎಂದು ಕೇಳಿದಾಗ ನೀವೂ ಆ 30 ವ್ಯಾಟ್ ಅನ್ನು ನೆನಪಿಸಿಕೊಳ್ಳಿ.