ದುಡಿಯುವ ಕೈಗಳ ವೈದ್ಯೆ: ಆಲಿಸ್ ಹ್ಯಾಮಿಲ್ಟನ್

ನಾವು ದಿನವೂ ಮೋಟಾರುಗಳ ಹೊಗೆಯ ನಡುವೆಯೇ ಶಾಲೆಗೆ ಬರುತ್ತೇವೆ. ಆ ಹೊಗೆಯಲ್ಲಿ ಒಂದು ಕಾಲಕ್ಕೆ ಸೀಸವೆಂಬ ವಿಷವೂ ಬೆರೆತಿರುತ್ತಿತ್ತು. ಈ ಲೋಹವು ದುಡಿಯುವವರ ನರಗಳನ್ನು ಕೆಡಿಸುವ ಬಗೆಯನ್ನು ಕಾರ್ಖಾನೆಗಳನ್ನು ಹೊಕ್ಕು ಕಂಡು, ಜನರಿಗೆ ತಿಳಿಸಿದವರಲ್ಲಿ ಡಾಕ್ಟರ್ ಆಲಿಸ್ ಹ್ಯಾಮಿಲ್ಟನ್ ಅಗ್ರಗಣ್ಯರು.

ಆಲಿಸ್ ಅವರು ೧೮೬೯ನೆಯ ಇಸವಿ ಫೆಬ್ರವರಿ ೨೭ರಂದು ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಜನಿಸಿದರು. ೧೮೯೩ರಲ್ಲಿ ಮಿಚಿಗನ್ ವಿಶ್ವವಿದ್ಯಾನಿಲಯದಿಂದ ವೈದ್ಯಪದವಿಯನ್ನು ಪಡೆದರು. ೧೮೯೭ರಲ್ಲಿ ಷಿಕಾಗೋ ನಗರಕ್ಕೆ ಬಂದು, ಬಡವರ ಸೇವೆಗಾಗಿ ನಡೆಯುತ್ತಿದ್ದ ಹಲ್ ಹೌಸ್ ಎಂಬ ನಿಲಯದಲ್ಲಿ ನೆಲಸಿದರು. ನೆರೆಹೊರೆಯವರೆಲ್ಲ ಕೂಲಿಕಾರರು. ಗಟ್ಟಿಮುಟ್ಟಾಗಿ ಕೆಲಸಕ್ಕೆ ಸೇರಿದವರು ಕೆಲವೇ ಕಾಲದಲ್ಲಿ ಕೃಶರಾಗಿ ಮೂಲೆಹಿಡಿಯುವುದನ್ನು ಆಕೆ ಕಣ್ಣಾರೆ ಕಂಡರು.

೧೯೧೦ರಲ್ಲಿ ಇಲಿನಾಯ್ ಸಂಸ್ಥಾನದ ಸರ್ಕಾರವು ಇಂತಹ ರೋಗಗಳ ತನಿಖೆಯನ್ನು ಕೈಗೊಂಡಾಗ ಸೀಸದ ವಿಷಯವನ್ನು ಆಕೆಯೇ ವಹಿಸಿಕೊಂಡರು. ಬಣ್ಣ ತಯಾರಿಸುವಲ್ಲಿ, ಬ್ಯಾಟರಿ ಮಾಡುವಲ್ಲಿ, ಸ್ನಾನದ ತೊಟ್ಟಿಗಳಿಗೆ ಎನಾಮಲ್ ಹಚ್ಚುವಲ್ಲಿ ಸೀಸದ ಧೂಳು ಉಸಿರಿನೊಡನೆ ಮೈಯನ್ನು ಸೇರುತ್ತಿತ್ತು. ವರ್ಷಗಳು ಕಳೆದಂತೆ ಮುಂಗೈಯ ನರಗಳು ಸೋತು, ಕೈ ಮಣಿಕಟ್ಟಿನಲ್ಲಿ ಜೋತುಬೀಳುತ್ತಿತ್ತು. ಅನ್ನದ ತುತ್ತನ್ನು ಎತ್ತುವುದೂ ಕಷ್ಟವಾಗುತ್ತಿತ್ತು. ವಿಷವು ಮಿದುಳಿಗೇರಿದರೆ ಸೆಳವು, ಮತಿಭ್ರಮೆ.

ಇದು ಕುಡಿತದ ಫಲ, ಕೈತೊಳೆಯದವರ ತಪ್ಪು ಎಂದು ಮಾಲೀಕರು ಹೇಳುತ್ತಿದ್ದರು. ಆಲಿಸ್ ಆ ಮಾತನ್ನು ಸುಮ್ಮನೆ ನಂಬಲಿಲ್ಲ, ಸುಮ್ಮನೆ ಅಲ್ಲಗಳೆಯಲೂ ಇಲ್ಲ. ಕಾರ್ಖಾನೆಗಳನ್ನು ನೋಡಿದರು, ಆಸ್ಪತ್ರೆಯ ದಾಖಲೆಗಳನ್ನು ಹುಡುಕಿದರು, ರೋಗಿಗಳ ಮನೆಗಳಿಗೇ ಹೋಗಿ ವಿಚಾರಿಸಿದರು. ಐನೂರಕ್ಕೂ ಮಿಕ್ಕಿ ಸೀಸದ ರೋಗಿಗಳ ವಿವರ ದೊರೆಯಿತು. ದೋಷವು ಕೂಲಿಕಾರನ ಕೈಯಲ್ಲಿಲ್ಲ, ಅವನು ಉಸಿರಾಡುವ ಗಾಳಿಯಲ್ಲಿದೆ ಎಂಬುದು ಸ್ಪಷ್ಟವಾಯಿತು. ೧೯೧೧ರಲ್ಲಿ ಆ ಸಂಸ್ಥಾನವು ಔದ್ಯೋಗಿಕ ರೋಗಗಳನ್ನು ಕುರಿತು ಕಾನೂನು ಮಾಡಿತು.

೧೯೧೯ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯವು ಆಕೆಯನ್ನು ಅಧ್ಯಾಪಕಿಯಾಗಿ ನೇಮಿಸಿತು. ಆ ಪದವಿಗೇರಿದ ಮೊದಲ ಮಹಿಳೆ ಆಕೆಯೇ. ಆದರೂ ಪದವಿಪ್ರದಾನದ ಮೆರವಣಿಗೆಯಲ್ಲಿ ನಡೆಯುವ ಹಕ್ಕು ಆಕೆಗಿರಲಿಲ್ಲ.

೧೯೨೪ರಲ್ಲಿ ಪೆಟ್ರೋಲಿಗೆ ಬೆರೆಸುವ ಸೀಸವನ್ನು ತಯಾರಿಸುತ್ತಿದ್ದ ನ್ಯೂಜೆರ್ಸಿಯ ಸ್ಥಾವರವೊಂದರಲ್ಲಿ ಐವರು ಕೆಲಸಗಾರರು ಚಿತ್ತಭ್ರಮೆಗೊಳಗಾಗಿ ಸತ್ತರು. ಮರುವರ್ಷ ವಾಷಿಂಗ್ಟನ್ನಿನ ಸಭೆಯಲ್ಲಿ ಆಲಿಸ್ ಆ ಪೆಟ್ರೋಲನ್ನು ವಿರೋಧಿಸಿದರು. ಆಗ ಆಕೆಗೆ ಜಯ ದೊರೆಯಲಿಲ್ಲ. ೧೯೭೦ನೆಯ ಇಸವಿ ಸೆಪ್ಟೆಂಬರ್ ೨೨ರಂದು, ೧೦೧ ವರ್ಷಗಳ ತುಂಬು ಬಾಳನ್ನು ಮುಗಿಸಿ ಆಕೆ ದಿವಂಗತರಾದರು. ನಮ್ಮ ದೇಶದ ಪೆಟ್ರೋಲಿನಿಂದ ಸೀಸವು ತೊಲಗಿದ್ದು ೨೦೦೦ದಲ್ಲಿ. ಜಗತ್ತಿನ ರಸ್ತೆಗಳಿಂದಲೇ ತೊಲಗಿದ್ದು ೨೦೨೧ರಲ್ಲಿ.

ಅಂಬತ್ತೂರು, ಮಣಲಿ, ಎಣ್ಣೂರುಗಳ ಕಾರ್ಖಾನೆಗಳು ನಮ್ಮ ಚೆನ್ನೈ ನಗರದವೇ. ಅಂತಹ ಕಡೆ ದುಡಿದು ಬರುವ ಹಿರಿಯರು ನಮ್ಮ ಮನೆಗಳಲ್ಲಿಯೂ ಉಂಟು. ಸಂಜೆ ಅವರು ದಣಿದು ಬಂದಾಗ, ಈ ದಿನ ಯಾವ ಗಾಳಿಯನ್ನು ಉಸಿರಾಡಿದಿರೆಂದು ನಾವು ಅಕ್ಕರೆಯಿಂದ ಕೇಳೋಣ. ಆಲಿಸ್ ಹ್ಯಾಮಿಲ್ಟನ್ ಅವರು ಬಾಳಿನುದ್ದಕ್ಕೂ ಕೇಳಿದ ಪ್ರಶ್ನೆಯೂ ಅದೇ.