ಎಷ್ಟು ನೆಲ ಸಾಕು?

ಒಂದು ಸಂಸಾರ ಸ್ವಾವಲಂಬಿಯಾಗಿ ಬಾಳಲು ಎಷ್ಟು ಭೂಮಿ ಬೇಕು? ಈ ಪ್ರಶ್ನೆಯನ್ನು ಕಾನೂನಿನ ತಕ್ಕಡಿಗೆ ಇಟ್ಟವರು ನಮ್ಮ ಹುಣಸೂರು ಸೀಮೆಯ ಡಿ. ದೇವರಾಜ ಅರಸರು.

1915ರ ಆಗಸ್ಟ್ 20ರಂದು ಜನಿಸಿದ ಅವರು ಕಲ್ಲಹಳ್ಳಿಯವರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎಸ್ಸಿ. ಓದಿಯೂ ಊರಿಗೆ ಮರಳಿ ಬೇಸಾಯ ಹಿಡಿದರು. ಮಣ್ಣಿನ ಕಾಯಕದ ಕಷ್ಟಸುಖ ಅವರಿಗೆ ತಿಳಿದಿತ್ತು. 1952ರಲ್ಲಿ ಹುಣಸೂರಿನಿಂದ ಶಾಸನಸಭೆಗೆ ಆಯ್ಕೆಯಾದರು, 1972ರಲ್ಲಿ ಮುಖ್ಯಮಂತ್ರಿಯಾದರು.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಅವರ ಭೂಸುಧಾರಣೆಯಿಂದ ಗೇಣಿ ಪದ್ಧತಿ ಅಳಿಯಿತು. ಉಳುವವನೇ ಒಡೆಯನಾಗಲು ಭೂ ನ್ಯಾಯಮಂಡಳಿಯ ಮುಂದೆ ಅರ್ಜಿ ಹಾಕಿದ. ಐದು ಜನರ ಕುಟುಂಬಕ್ಕೆ ಮೇಲ್ಮಿತಿ 10 ಯೂನಿಟ್ ಎಂದಾಯಿತು. ಯೂನಿಟ್ ಎಂದರೆ ಎಲ್ಲೆಡೆ ಒಂದೇ ಎಕರೆಯಲ್ಲ. ಉತ್ತಮ ನೀರಾವರಿಯ ನೆಲವಾದರೆ 10 ಎಕರೆ, ಮಳೆ ನಂಬಿದ ಕಡೆಯ ದರ್ಜೆಯ ಹೊಲವಾದರೆ 54 ಎಕರೆ. ಕೃಷ್ಣರಾಜನಗರದ ನಾಲೆ ಬಯಲಿನ ಗದ್ದೆಯನ್ನೂ ಹೆಗ್ಗಡದೇವನಕೋಟೆ, ಪಿರಿಯಾಪಟ್ಟಣದ ಒಣ ಹೊಲವನ್ನೂ ಒಂದೇ ಕೋಲಿನಿಂದ ಅಳೆಯಲಾಗದು ಎಂಬ ವಿವೇಕ ಅದರಲ್ಲಿತ್ತು.

ಆದರೆ ಕಾನೂನು ಹೇಳಿದ್ದು ಇದಕ್ಕಿಂತ ಹೆಚ್ಚು ಬೇಡ ಎಂದು ಮಾತ್ರ. ಇಷ್ಟಿದ್ದರೆ ಸಾಕು ಎಂಬ ಅಳತೆಯನ್ನು ಮನೆಯವರೇ ಕಂಡುಕೊಳ್ಳಬೇಕು. ಅಂದು ಪಡೆದ ನೆಲ ಮಕ್ಕಳು ಮೊಮ್ಮಕ್ಕಳ ಪಾಲಿನಲ್ಲಿ ಗುಂಟೆಗಳಾಗಿ ಒಡೆಯುತ್ತಿರುವಾಗ, ಬದುವಿಗಾಗಿ ಬಡಿದಾಡುವ ಅಣ್ಣತಮ್ಮಂದಿರು ಇದನ್ನು ಯೋಚಿಸಬೇಕು.

ಅರಸರು 1982ರ ಜೂನ್ 6ರಂದು ತೀರಿಕೊಂಡರು. ಅಗತ್ಯಕ್ಕೆ ಮೀರಿ ತಂದ ಅಕ್ಕಿಯನ್ನು ಹಿಂದಿರುಗಿಸೆಂದು ಗಂಡ ಆಯ್ದಕ್ಕಿ ಮಾರಯ್ಯನಿಗೆ ಹೇಳಿದ ಲಕ್ಕಮ್ಮನ ನಾಡಿದು. ನೀರು, ಮಣ್ಣು, ದುಡಿಯುವ ತೋಳು, ಇವು ಮೂರೂ ಕೂಡಿದರೆ ಅಲ್ಪ ನೆಲವೂ ಅನ್ನವಾದೀತು. ಆಸೆಗಾದರೋ ಎಷ್ಟು ಎಕರೆಯೂ ಸಾಲದು.